ಮಾದರಿ ರೈಲಿನ ಬೆಳಕು ಮತ್ತು ಧ್ವನಿ

ಹಾಸನ ಜಿಲ್ಲೆಯ ಮಕ್ಕಳೆಲ್ಲರಿಗೂ ರೈಲಿನ ಪರಿಚಯ ಒಂದೇ ಬಗೆಯದಲ್ಲ. ಮೈಸೂರು-ಹಾಸನ ಮಾರ್ಗದಲ್ಲಿರುವ ಹೊಳೆನರಸೀಪುರಕ್ಕೆ ಅದು ಹಳೆಯ ನೆಂಟ. ಚನ್ನರಾಯಪಟ್ಟಣದ ಮೂಲಕ ಹಾಸನ-ಬೆಂಗಳೂರು ನೇರಮಾರ್ಗ ಪೂರ್ಣಗೊಂಡುದು 2017ರಲ್ಲಿ. ಅರಕಲಗೂಡಿಗಂತೂ ಹಳಿಯೇ ಬಂದಿಲ್ಲ. ಮೀಟರ್ ಗೇಜಿನ ಉಗಿಯಂತ್ರವೋ ಈ ಮಾರ್ಗಗಳಿಂದ ಕಣ್ಮರೆಯಾಗಿದೆ. ಅಂಥ ಯಂತ್ರಗಳ ರೂಪವನ್ನು 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಅದರ ನಡೆಯನ್ನೂ ದನಿಯನ್ನೂ ತರಗತಿಯಲ್ಲಿಯೇ ತೋರಿಸಬಲ್ಲ ಸಾಧನ ಮಾದರಿ ರೈಲು.

ಹಿಂದಿನ ಮಾದರಿಗಳಲ್ಲಿ ಹಳಿಯ ವಿದ್ಯುತ್ ಒತ್ತಡವನ್ನು ಏರಿಳಿಸಿ ವೇಗವನ್ನು ನಿಯಂತ್ರಿಸುತ್ತಿದ್ದರು. ಬಂಡಿ ನಿಂತೊಡನೆ ದೀಪವೂ ಆರುತ್ತಿತ್ತು. ಈ ಕೊರತೆಯನ್ನು ನೀಗಿದುದು ಡಿಸಿಸಿ ಎಂಬ ಅಂಕೀಯ ಪದ್ಧತಿ. ಜರ್ಮನಿಯ ಲೆನ್ಜ್ ಸಂಸ್ಥೆಯ ಕಾರ್ಯವನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಇದಕ್ಕೆ ಮಾನಕಗಳನ್ನು ರೂಪಿಸಿತು. ಇಲ್ಲಿ ಹಳಿಯಲ್ಲಿ ವಿದ್ಯುತ್ತು ಸದಾ ಇರುತ್ತದೆ. ಅದರ ಧ್ರುವ ಬದಲಾಗುವ ಕಾಲಾಂತರದಲ್ಲಿಯೇ ಆಜ್ಞೆ ಅಡಗಿರುತ್ತದೆ. ಅಂತರವು 58 ಮೈಕ್ರೊಸೆಕೆಂಡ್ ಆದರೆ ‘ಒಂದು’, ಸುಮಾರು 100 ಅಥವಾ ಹೆಚ್ಚಾದರೆ ‘ಸೊನ್ನೆ’. ಎಂಜಿನ್ನಿನೊಳಗಿನ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಓದಿ ಮೋಟಾರಿಗೂ ದೀಪಕ್ಕೂ ವಿದ್ಯುತ್ತನ್ನು ಹಂಚುತ್ತದೆ.

ಆಯ್ಕೆಗಳು ಮುಖ್ಯವಾಗಿ ಎರಡು. ಮೊದಲನೆಯದು ಚಲನೆ ಮತ್ತು ದೀಪಗಳಿಗಷ್ಟೇ ಮೀಸಲಾದುದು. ಇದಕ್ಕೆ ಬೆಲೆ ಕಡಿಮೆ, ಸ್ಥಳವೂ ಕಡಿಮೆ ಸಾಕು. ಬಂಡಿ ಮುನ್ನಡೆದರೆ ಮುಂದಿನ ದೀಪ, ಹಿನ್ನಡೆದರೆ ಹಿಂದಿನ ದೀಪ ತಾನಾಗಿ ಬೆಳಗುತ್ತದೆ. ಎಲ್‌ಇಡಿ ಬಳಸುವಲ್ಲಿ ತಕ್ಕ ರೋಧಕವನ್ನು ಜೋಡಿಸದಿದ್ದರೆ ಅದು ಸುಟ್ಟುಹೋಗುತ್ತದೆ. ಎರಡನೆಯದು ಧ್ವನಿ ಡಿಕೋಡರ್. ನಿಜವಾದ ಎಂಜಿನ್ನುಗಳಿಂದ ಮುದ್ರಿಸಿಕೊಂಡ ಸದ್ದು ಇದರ ಸ್ಮೃತಿಯಲ್ಲಿರುತ್ತದೆ. ಸ್ಪೀಕರಿಗೆ ಮುಚ್ಚಿದ ಪುಟ್ಟ ಗೂಡು ಬೇಕು. ಇಲ್ಲವಾದರೆ ದನಿ ಬಡಕಲಾಗುತ್ತದೆ. ಹಳಿಯ ಧೂಳಿನಿಂದ ದೀಪ ಮಿನುಗದಂತೆ, ದನಿ ಕಡಿಯದಂತೆ ಒಂದು ಕೆಪಾಸಿಟರ್ ಕ್ಷಣಕಾಲದ ವಿದ್ಯುತ್ತನ್ನು ಕಾಪಿಡುತ್ತದೆ. ಎರಡು ಸಿಲಿಂಡರಿನ ಉಗಿಯಂತ್ರ ಚಾಲಕಚಕ್ರದ ಸುತ್ತೊಂದಕ್ಕೆ ನಾಲ್ಕು ಬಾರಿ ಉಸಿರು ಬಿಡುತ್ತದೆ. ಈ ತಾಳ ತಪ್ಪಿದರೆ ಬೆಲೆಬಾಳುವ ಡಿಕೋಡರೂ ಕೃತಕವಾಗಿ ಕೇಳಿಸುತ್ತದೆ.

ಪೇಟೆಯಲ್ಲಿ ದೊರೆಯುವ ಧ್ವನಿಗಳು ಬಹುಮಟ್ಟಿಗೆ ಯುರೋಪು ಅಮೆರಿಕಗಳ ಎಂಜಿನ್ನುಗಳವು. ಮೀಟರ್ ಗೇಜಿನ ವೈಪಿ ಎಂಜಿನ್ನಿನ ಮಾದರಿ ಪರದೇಶದ ಕೂಗು ಹಾಕಿದರೆ ರೂಪ ಒಂದರದು, ಸ್ವರ ಮತ್ತೊಂದರದು. ಹೊಸ ಧ್ವನಿಯನ್ನು ತುಂಬಲು ಆಸ್ಪದವಿರುವ ಡಿಕೋಡರ್‌ಗಳೂ ಉಂಟು. ಆದ್ದರಿಂದ ಕೊಳ್ಳುವಾಗ ಈ ಸೌಲಭ್ಯವನ್ನು ಮೊದಲು ಗಮನಿಸತಕ್ಕದ್ದು. ಆದರೆ ತುಂಬಿದ ದನಿ ಸರಿಯೋ ತಪ್ಪೋ ಎಂದು ನಿರ್ಣಯಿಸಬಲ್ಲವರು ಆ ಕೂಗನ್ನು ಕಿವಿಯಾರೆ ಕೇಳಿದ ಹಿರಿಯರೇ. ಅವರು ನಡುವೆ ಇರುವಾಗಲೇ ಈ ಕಾರ್ಯ ಕೈಗೂಡಿದರೆ, ಹಳಿಯನ್ನೇ ಕಾಣದ ಅರಕಲಗೂಡಿನ ಮಗುವಿಗೂ ಉಗಿಬಂಡಿಯ ನಿಜಸ್ವರ ಕೇಳಿಸೀತು.