ಬಾಲ ಅಲ್ಲಾಡಿಸುವ ಖಾತೆದಾರರು

ಬ್ಯಾಂಕಿನಲ್ಲಿ 35 ವರ್ಷ ಲೆಡ್ಜರ್ ಬರೆದವನು ನಾನು. ನಿವೃತ್ತನಾದ ಮೇಲೆ ಲೆಕ್ಕದ ಸಹವಾಸ ಸಾಕು ಎಂದುಕೊಂಡಿದ್ದೆ. ಆದರೆ ಆರು ವರ್ಷಗಳಿಂದ, ವಾರಕ್ಕೆ ಎರಡು ದಿನ, ನಮ್ಮ ಊರಾಚೆಯ ಪುಟ್ಟ ಪ್ರಾಣಿ ಆಶ್ರಯಧಾಮವೊಂದರ ಕ್ಯಾಶ್ ಬುಕ್ ಬರೆಯುತ್ತಿದ್ದೇನೆ. ಅಲ್ಲಿನ ಖಾತೆದಾರರೆಲ್ಲ ನಾಲ್ಕು ಕಾಲಿನವರು. ಸಹಿ ಹಾಕಲು ಬರುವುದಿಲ್ಲ, ಬಾಲ ಅಲ್ಲಾಡಿಸುತ್ತಾರೆ ಅಷ್ಟೆ.

"ತಾತ, ಬೀದಿ ನಾಯಿಗಳನ್ನೆಲ್ಲ ತಂದು ಅಲ್ಲೇ ಇಟ್ಟುಬಿಡಬಹುದಲ್ವಾ?" ಎಂದು ಮೊಮ್ಮಗಳು ಕೇಳುತ್ತಾಳೆ. ದೊಡ್ಡವರು ಕೇಳುವುದೂ ಇದನ್ನೇ. ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ನಾಯಿಗೆ ಊಟ, ಔಷಧಿ ಎಲ್ಲ ಸೇರಿ ದಿನಕ್ಕೆ 50 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 18,250 ರೂಪಾಯಿ. ಅದು 12 ವರ್ಷ ಬದುಕಿದರೆ 2,19,000 ರೂಪಾಯಿ! ಕೆಲಸದವರ ಸಂಬಳ, ನೀರು, ಕರೆಂಟು ಬೇರೆ. ಒಂದು ಮರಿಯನ್ನು ಒಳಗೆ ಬಿಟ್ಟುಕೊಂಡರೆ 12 ವರ್ಷದ ಸಾಲಪತ್ರಕ್ಕೆ ಸಹಿ ಹಾಕಿದ ಹಾಗೆ.

ಅದಕ್ಕೇ ಒಳ್ಳೆಯ ಆಶ್ರಯಧಾಮ ಆಸ್ಪತ್ರೆಯ ಹಾಗೆ ನಡೆಯುತ್ತದೆ. ಗಾಯಗೊಂಡ ನಾಯಿ ಬರುತ್ತದೆ, ವಾಸಿಯಾಗುತ್ತದೆ. ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಸಾಮಾನ್ಯವಾಗಿ ಅದರ ಬೀದಿಗೇ ಮರಳಿ ಬಿಡುತ್ತಾರೆ. ಹೆಣ್ಣುನಾಯಿಯ ಗರ್ಭಾವಧಿ ಸುಮಾರು 63 ದಿನ ಮಾತ್ರ. ವರ್ಷಕ್ಕೆ ಎರಡು ಬಾರಿ ಮರಿ ಹಾಕಬಲ್ಲದು. ಹಾಗಾಗಿ ಸಂಖ್ಯೆ ಇಳಿಯಬೇಕಾದರೆ ಶಸ್ತ್ರಚಿಕಿತ್ಸೆಯೇ ದಾರಿ. ಕಿವಿಯ ತುದಿ ಕತ್ತರಿಸಿದಂತಿರುವ ನಾಯಿಯನ್ನು ನೋಡಿದ್ದೀರಾ? ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು ಅದು. ಈ ಕೆಲಸಕ್ಕೆ ದೇಶದಲ್ಲಿ 2001ರಲ್ಲಿ ನಿಯಮಗಳು ಬಂದವು. 2023ರಲ್ಲಿ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಬಂದಿವೆ.

ಇಂಥ ಕೆಲಸಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಇಂಗ್ಲೆಂಡಿನಿಂದ ಬಂದು ದೆಹಲಿ, ಜೈಪುರಗಳಲ್ಲಿ ಪ್ರಾಣಿಸೇವೆ ಮಾಡಿದ ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಬೆಂಗಳೂರಿನಲ್ಲಿ 'ಕ್ಯೂಪಾ' ಸಂಸ್ಥೆ ಆರಂಭಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ನಾಟ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟುಹಿಡಿದು ಮಾತನಾಡಿದ್ದರ ಫಲವಾಗಿಯೇ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು.

ಇನ್ನು ನಮ್ಮ ಕಥೆ. ಕಳೆದ ಮಳೆಗಾಲದಲ್ಲಿ ಯಾರೋ ರಾತ್ರಿ ಹೊತ್ತು ಗೇಟಿನ ಮುಂದೆ ರಟ್ಟಿನ ಪೆಟ್ಟಿಗೆಯಲ್ಲಿ ಐದು ಮರಿಗಳನ್ನಿಟ್ಟು ಹೋಗಿದ್ದರು. ಎರಡೇ ದಿನದಲ್ಲಿ ವಾಂತಿ, ರಕ್ತಭೇದಿ. ಡಾಕ್ಟರು ನೋಡಿ "ಪಾರ್ವೊ" ಎಂದರು. ಮನುಷ್ಯರಿಗೆ ತಗುಲದ, ಆದರೆ ನಾಯಿಮರಿಗಳನ್ನು ಬೇಗ ಬಲಿ ತೆಗೆದುಕೊಳ್ಳುವ ಕಾಯಿಲೆ ಇದು. ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಸದಾಗಿ ಬಂದ ಪ್ರಾಣಿಯನ್ನು ಬೇರೆ ಕೋಣೆಯಲ್ಲಿಡುವುದು ಇದಕ್ಕೇ. ಆ ಕೋಣೆ ಇದ್ದದ್ದರಿಂದ ಉಳಿದ ಮರಿಗಳು ಬಚಾವಾದವು.

ಆ ದಿನ ನನ್ನ ಪುಸ್ತಕದಲ್ಲಿ ಉಳಿದಿದ್ದದ್ದು 4,310 ರೂಪಾಯಿ. ಐದು ಮರಿಗಳಿಗೆ ಡ್ರಿಪ್ ಹಾಕಲು ಅದು ಎರಡು ದಿನಕ್ಕೂ ಸಾಲದು. ಕೈಹಿಡಿದದ್ದು ಪ್ರತಿ ತಿಂಗಳು 5ನೇ ತಾರೀಖಿಗೆ ತಲಾ 200 ರೂಪಾಯಿ ಕಳಿಸುವ 43 ಮನೆಗಳು. 8,600 ರೂಪಾಯಿ ಬಂದೇ ಬರುತ್ತದೆ ಎಂದು ಗೊತ್ತಿದ್ದರಿಂದ ಔಷಧಿ ಅಂಗಡಿಯವರು ಸಾಲ ಕೊಟ್ಟರು. ಮೂರು ಮರಿಗಳು ಉಳಿಯಲಿಲ್ಲ. ಎರಡು ಉಳಿದವು.

ಹುಟ್ಟುಹಬ್ಬಕ್ಕೆ ಒಮ್ಮೆ 5,000 ಕೊಡುವವರು ದೊಡ್ಡವರೇ, ಸಂಶಯವಿಲ್ಲ. ಆದರೆ ನಾಯಿಗೆ ಹಸಿವು ದಿನವೂ ಆಗುತ್ತದೆ. ಆರ್‌ಡಿ ಕಟ್ಟಿದಂತೆ ತಿಂಗಳು ತಿಂಗಳು ಕೊಡುವ ಸಣ್ಣ ಮೊತ್ತ ಇನ್ನೂ ಹೆಚ್ಚು ಉಪಕಾರಿ. ಕೊಡುವ ಮುನ್ನ ಒಮ್ಮೆ ಹೋಗಿ ನೋಡಿ. ಕುಡಿಯುವ ನೀರು ಶುದ್ಧವಾಗಿದೆಯೇ, ರೋಗಿಗಳಿಗೆ ಬೇರೆ ಕೋಣೆ ಇದೆಯೇ, ವರ್ಷದ ಲೆಕ್ಕ ಆಡಿಟ್ ಆಗಿದೆಯೇ ಎಂದು ವಿಚಾರಿಸಿ. ರಸೀದಿ ಕೇಳಿ ಪಡೆಯಿರಿ. ರಸೀದಿ ಕೇಳಿದರೆ ಮುಖ ಸಿಂಡರಿಸುವ ಕಡೆ ಜೇಬಿಗೆ ಕೈಹಾಕಬೇಡಿ. ಇದು ಗುಮಾಸ್ತನ ಮಾತು.

ಮಕ್ಕಳೇ, ಹಳೆಯ ಬೆಡ್‌ಶೀಟ್, ಗೋಣಿಚೀಲ, ಪತ್ರಿಕೆಗಳನ್ನು ಕೂಡಿಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗಳಿಗೆ ವಿಷ, ಕೊಡಬೇಡಿ. ಮರಿ ಹಾಕಿದ ತಾಯಿನಾಯಿಯ ಹತ್ತಿರ ಹೋಗಬೇಡಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಮನೆಯಲ್ಲಿ ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು.

ನನ್ನ ವಯಸ್ಸಿನವರಿಗೆ ಒಂದು ಮಾತು. ಮನೆಗೆ ನಾಯಿ ಬೇಕೆನಿಸಿದರೆ ಮರಿಯನ್ನೇ ತರಬೇಕೆಂದಿಲ್ಲ. ನಮ್ಮ ನಂತರವೂ ಬದುಕುವ ಮರಿಯನ್ನು ಯಾರು ನೋಡಿಕೊಳ್ಳುತ್ತಾರೆ? ಎಂಟು-ಒಂಬತ್ತು ವರ್ಷದ ನಾಯಿಗಳನ್ನು ಕೇಳುವವರಿಲ್ಲ. ಅವುಗಳಿಗೆ ಓಟ ಬೇಡ, ಸಂಜೆ ನಿಧಾನವಾದ ನಡಿಗೆ ಸಾಕು. ನಮಗೂ ಅಷ್ಟೇ ತಾನೆ?

ಈ ಭಾನುವಾರ ಮೊಮ್ಮಕ್ಕಳ ಕೈಹಿಡಿದು ಹತ್ತಿರದ ಆಶ್ರಯಧಾಮಕ್ಕೆ ಹೋಗಿಬನ್ನಿ. ಹೊರಡುವ ಮುನ್ನ ಫೋನ್ ಮಾಡಿ, ಏನು ಬೇಕಾಗಿದೆ ಎಂದು ಕೇಳಿ. ಬಹುಶಃ ಬಿಸ್ಕತ್ತಿಗಿಂತ ಅಕ್ಕಿ, ಫಿನಾಯಿಲ್‌ಗಳೇ ಬೇಕಾಗಿರುತ್ತವೆ.