ಉಪ್ಪಿನ ಬೆಟ್ಟ, ಟ್ರೌನ್ ಹೊಳೆ

ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಉಳುವುದಕ್ಕೆ ನೆಲವಿಲ್ಲ. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಸರೋವರ. ಹೂಳುವುದಕ್ಕೂ ಜಾಗ ಸಾಲದೆ ಹಳೆಯ ಗೋರಿಗಳನ್ನು ತೆರೆದು, ತಲೆಬುರುಡೆಗಳ ಮೇಲೆ ಹೂಬಳ್ಳಿ ಬರೆದು ಜೋಡಿಸಿಟ್ಟಿದ್ದಾರೆ. 1890ರವರೆಗೆ ಗಾಡಿರಸ್ತೆಯೂ ಇರಲಿಲ್ಲ, ದೋಣಿ ಇಲ್ಲವೇ ಕಾಲುದಾರಿಯೇ ಗತಿ. ಇಂಥ ಮೂಲೆಯ ಊರಿಗೆ 1311ರಷ್ಟು ಹಿಂದೆಯೇ ಸಂತೆಯ ಹಕ್ಕು ಸಿಕ್ಕಿತ್ತು. ಕಾರಣ ಉಪ್ಪು.

ಸುಮಾರು 25 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲೊಂದು ಬತ್ತಿ ಉಳಿಸಿಹೋದ ಉಪ್ಪದು. ಆಲ್ಪ್ಸ್ ಪರ್ವತಗಳು ಮೇಲೆದ್ದಾಗ ಜೇಡಿಯೊಂದಿಗೆ ಕಲಸಿಹೋಗಿ ಬೆಟ್ಟದ ಒಡಲು ಸೇರಿತು. ಭಾರ ಬಿದ್ದರೆ ಉಪ್ಪು ನಾದಿದ ಹಿಟ್ಟಿನಂತೆ ಬಲು ನಿಧಾನವಾಗಿ ಜರುಗುತ್ತದೆ. ಹಾಗಾಗಿ ಕೈಬಿಟ್ಟ ಸುರಂಗಗಳು ಕ್ರಮೇಣ ಮುಚ್ಚಿಕೊಳ್ಳುತ್ತವೆ, ಉಪ್ಪಿನಿಂದಾಗಿ ಒಳಗಿದ್ದದ್ದು ಕೊಳೆಯುವುದಿಲ್ಲ. ಎಂಟು ಮೀಟರ್ ಉದ್ದದ ಮರದ ಏಣಿಮೆಟ್ಟಿಲೊಂದು ಹೀಗೆ ಉಳಿದಿದೆ. ಮರದ ವರ್ಷದುಂಗುರಗಳನ್ನು ಎಣಿಸಿದಾಗ ಅದು ಕ್ರಿ.ಪೂ. 1344ರ ಸುಮಾರಿನದೆಂದು ತಿಳಿಯಿತು. ಎದುರುಬದುರಾಗಿ ಇಬ್ಬರು ಹಾಯಬಹುದಾದಷ್ಟು ಅಗಲ. ಹಲಗೆಗಳನ್ನು ಇಳಿಜಾರಿಗೆ ತಕ್ಕಂತೆ ತಿರುಗಿಸಿ ಕೂರಿಸಬಹುದಿತ್ತು. ನನಗೆ ಇದಕ್ಕಿಂತ ಮೋಜೆನಿಸಿದ್ದು ಗಣಿಗಾರರು ಒಳಗೇ ಬಿಟ್ಟುಹೋದ ಮಲ. ಅದರಲ್ಲಿ ಬಿಯರ್ ಹುದುಗಿಸುವ ಯೀಸ್ಟ್, ನೀಲಿ ಚೀಸ್‌ನ ಬೂಷ್ಟು ಎರಡರ ಡಿಎನ್‌ಎಯನ್ನೂ 2021ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಸುಮಾರು 2,700 ವರ್ಷಗಳ ಹಿಂದಿನ ಊಟ!

ತೆಗೆದ ಉಪ್ಪು ಸಾಗಬೇಕಾದದ್ದು ಟ್ರೌನ್ ಹೊಳೆಯಲ್ಲಿ. ಸರೋವರ ಬಿಟ್ಟು ಹೊರಟ ಹೊಳೆ ಲಿಂಟ್ಸ್ ನಗರದ ಬಳಿ ಡ್ಯಾನ್ಯೂಬ್ ನದಿ ಸೇರುತ್ತದೆ. ಆದರೆ ಅಲ್ಲಲ್ಲಿ ನೀರು ತೆಳು, ದೋಣಿ ತಳ ಹತ್ತುತ್ತದೆ. 16ನೇ ಶತಮಾನದಲ್ಲಿ ಥಾಮಸ್ ಸೇಆವರ್ ಎಂಬಾತ ಸರೋವರದ ಬಾಯಲ್ಲೇ ಮರದ ತೂಬುಕಟ್ಟೆ ಕಟ್ಟಿದ. ನೀರು ತಡೆದು ನಿಲ್ಲಿಸುವುದು, ತೂಬೆತ್ತುವುದು, ಉಬ್ಬಿ ಬಂದ ಹೊಳೆಯ ಮೇಲೆ ದೋಣಿ ಬಿಡುವುದು. ಹೊಳೆಯ ಕೆಳಗಿನ ಜಲಪಾತವೊಂದರ ಪಕ್ಕದಲ್ಲಿ ದೋಣಿ ಜಾರಿ ಇಳಿಯಲು ಮರದ ಕಾಲುವೆಯನ್ನೂ ಹಾಕಿದ. ಖಾಲಿ ದೋಣಿಗಳನ್ನು ಕುದುರೆಗಳು ಎಳೆದು ಮೇಲಕ್ಕೆ ತರುತ್ತಿದ್ದವು.

ಅಷ್ಟರಲ್ಲಿ ಉಪ್ಪು ತೆಗೆಯುವ ರೀತಿಯೂ ಬದಲಾಗಿತ್ತು. ಬಂಡೆ ಕಡಿಯುವ ಬದಲು ಬೆಟ್ಟದೊಳಗೆ ನೀರು ಬಿಟ್ಟು ಕರಗಿಸಿ, ಆ ಉಪ್ಪುನೀರನ್ನು ಕುದಿಸುವುದು. ಒಲೆಗೆ ಸೌದೆ ಎಷ್ಟು ತಂದರೂ ಸಾಲದು. ಸೌದೆ ಹೊತ್ತು ತರುವುದಕ್ಕಿಂತ ಉಪ್ಪುನೀರನ್ನೇ ಕಾಡು ಇದ್ದ ಕಡೆಗೆ ಹರಿಸುವುದು ಸಲೀಸು. 1595ರಿಂದ 1607ರವರೆಗೆ ದುಡಿದು, ಸುಮಾರು 13,000 ಮರದ ದಿಮ್ಮಿಗಳನ್ನು ಕೊರೆದು, ಎಬೆನ್‌ಸೇ ಊರಿನವರೆಗೆ 40 ಕಿಲೋಮೀಟರ್ ಕೊಳವೆ ಹಾಸಿದರು. ಹಾಲ್‌ಸ್ಟಾಟ್‌ನ ಉಪ್ಪುನೀರು ಈಗಲೂ ಎಬೆನ್‌ಸೇಗೇ ಹೋಗುತ್ತದೆ, ಕೊಳವೆಗಳಷ್ಟೇ ಮರದವಲ್ಲ.