ಕಲ್ಲಿನೊಳಗಿನ ಖಾಲಿ ಜಾಗ

2021ರ ಮೇ ತಿಂಗಳಲ್ಲಿ, ಕೋವಿಡ್ ಅಲೆಯ ನಡುವೆ, ನಮ್ಮ ಚಿಕ್ಕಪ್ಪನ ಮಂಚದ ಪಕ್ಕಕ್ಕೆ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಮೊಣಕಾಲೆತ್ತರದ ಪೆಟ್ಟಿಗೆ, ಕೆಳಗೆ ನಾಲ್ಕು ಚಕ್ರ. ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಕೆಲವು ಸೆಕೆಂಡಿಗೊಮ್ಮೆ ‘ಠುಸ್’ ಎಂದು ಉಸಿರು ಬಿಡುತ್ತಿತ್ತು. ಕರೆಂಟ್ ಹೋಗಿ ಆ ಸದ್ದು ನಿಂತರೆ ಸಾಕು, ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದೆವು. ಮೂರನೇ ದಿನ ಚಿಕ್ಕಮ್ಮ ಕೇಳಿದರು, “ಇದನ್ನ ಯಾವಾಗ ತುಂಬಿಸ್ಕೊಂಡು ಬರ್ಬೇಕಪ್ಪ?” ತುಂಬಿಸುವ ಕೆಲಸವಿಲ್ಲ, ಈ ಕೋಣೆಯ ಗಾಳಿಯಿಂದಲೇ ಆಮ್ಲಜನಕ ತೆಗೆದು ಕೊಡುತ್ತದೆ ಎಂದೆ. “ಹೆಂಗೆ?” ಎಂದರು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಕಲ್ಲು.

ಪೆಟ್ಟಿಗೆಯ ಒಳಗೆ ಎರಡು ಕೊಳವೆಗಳಿವೆ. ಅವುಗಳ ತುಂಬ ರಾಗಿ ಕಾಳಿನ ಗಾತ್ರದ, ಮಾಸಲು ಬಿಳಿ ಬಣ್ಣದ ಹರಳುಗಳು. ಹೆಸರು ಜಿಯೋಲೈಟ್. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ಕೈಹಿಡಿದು ಜೇನುಹುಟ್ಟಿನಂತೆ ಕಟ್ಟಿಕೊಂಡ ವಸ್ತು. ಜೇನುಹುಟ್ಟಿನ ಕೋಣೆ ಕಣ್ಣಿಗೆ ಕಾಣುತ್ತದೆ, ಇದರದ್ದು ಕಾಣುವುದಿಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವುದು ಒಂದು ನ್ಯಾನೊಮೀಟರ್. ಈ ಕೋಣೆಗಳ ಬಾಗಿಲು ಅದಕ್ಕಿಂತಲೂ ಕಿರಿದು.

ಇದನ್ನು ‘ಅಣುಗಳ ಜರಡಿ’ ಎನ್ನುವುದು ವಾಡಿಕೆ. ಆದರೆ ನಮ್ಮ ಮನೆಯ ಯಂತ್ರದಲ್ಲಿ ನಡೆಯುವುದು ಜರಡಿ ಹಿಡಿಯುವ ಕೆಲಸವಲ್ಲ. ಸಾರಜನಕ, ಆಮ್ಲಜನಕ ಎರಡರ ಅಣುಗಳೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ, ಎರಡೂ ಸಲೀಸಾಗಿ ಬಾಗಿಲು ದಾಟುತ್ತವೆ. ಒಳಗೆ ಹೋದ ಮೇಲೆ ವ್ಯತ್ಯಾಸ ಶುರು. ಕೋಣೆಯ ಗೋಡೆಗಳಲ್ಲಿ ಸೋಡಿಯಂ ಅಥವಾ ಲಿಥಿಯಂನ ಧನ ಅಯಾನುಗಳು ಕೂತಿರುತ್ತವೆ. ಸಾರಜನಕದ ಅಣುವಿನಲ್ಲಿ ವಿದ್ಯುದಂಶ ಹಂಚಿಕೊಂಡಿರುವ ರೀತಿಯಿಂದಾಗಿ ಅದಕ್ಕೆ ಈ ಅಯಾನುಗಳ ಸೆಳೆತ ಹೆಚ್ಚು, ಆಮ್ಲಜನಕಕ್ಕೆ ಕಡಿಮೆ. ಗಾಳಿಯನ್ನು ಒತ್ತಿ ತುಂಬಿದಾಗ ಸಾರಜನಕ ಅಂಟಿಕೊಂಡು ಹಿಂದೆ ಉಳಿಯುತ್ತದೆ, ಆಮ್ಲಜನಕ ಮುಂದೆ ಸಾಗಿ ರೋಗಿಯ ಮೂಗಿಗೆ ಹೋಗುತ್ತದೆ. ಕೊಳವೆ ತುಂಬುತ್ತಿದ್ದಂತೆ ಯಂತ್ರ ಇನ್ನೊಂದು ಕೊಳವೆಗೆ ಬದಲಾಗಿ, ಮೊದಲಿನದರ ಒತ್ತಡ ಇಳಿಸುತ್ತದೆ. ಅಂಟಿದ್ದ ಸಾರಜನಕ ಕಳಚಿಕೊಂಡು ಹೊರಬೀಳುತ್ತದೆ. ನಾವು ಕೇಳುತ್ತಿದ್ದ ‘ಠುಸ್’ ಅದೇ.

ಇಂಥ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದು ಕೊಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡ 95ರ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ. ಗಾಳಿಯಲ್ಲಿ ಶೇಕಡ ಒಂದಕ್ಕಿಂತ ತುಸು ಕಡಿಮೆ ಆರ್ಗಾನ್ ಇದೆಯಲ್ಲ, ಅದಕ್ಕೂ ಈ ಗೋಡೆಗಳ ಮೇಲೆ ವಿಶೇಷ ಒಲವಿಲ್ಲ. ಆಮ್ಲಜನಕದ ಜೊತೆಗೇ ಹೊರಟುಬಿಡುತ್ತದೆ. ಸಾರಜನಕ ಪೂರ್ತಿ ಹೋದ ಮೇಲೆ ಆಮ್ಲಜನಕದ ಪಾಲು ಸುಮಾರು ಐದು ಪಟ್ಟಾದರೆ, ಆರ್ಗಾನಿನದೂ ಅಷ್ಟೇ ಪಟ್ಟು ಏರುತ್ತದೆ.

ಅದೇ ಮೇ ತಿಂಗಳ ಮಧ್ಯದಲ್ಲಿ ಏರ್ ಇಂಡಿಯಾ ವಿಮಾನಗಳು ರೋಮ್‌ನಿಂದ ಬೆಂಗಳೂರಿಗೆ ಬಂದಿಳಿದವು. ಹೊತ್ತು ತಂದದ್ದು 30 ಟನ್ನಿಗೂ ಮಿಕ್ಕಿ ಜಿಯೋಲೈಟ್. ಆಸ್ಪತ್ರೆಗಳ ಅಂಗಳದಲ್ಲಿ ನಿಲ್ಲಿಸಬೇಕಿದ್ದ ಆಮ್ಲಜನಕ ಘಟಕಗಳಿಗೆ ಅದು ಬೇಕಿತ್ತು. ಆ ಘಟಕಗಳ ತಂತ್ರಜ್ಞಾನ ಬೆಂಗಳೂರಿನದೇ. ಇಲ್ಲಿನ ಡಿಆರ್‌ಡಿಒ ಪ್ರಯೋಗಾಲಯ ‘ಡೆಬೆಲ್’, ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಎತ್ತರದಲ್ಲಿ ಉಸಿರಾಡಲೆಂದು ರೂಪಿಸಿದ್ದ ವ್ಯವಸ್ಥೆಯನ್ನೇ ಹಿಗ್ಗಿಸಿ, ನಿಮಿಷಕ್ಕೆ 1000 ಲೀಟರ್ ಕೊಡುವ ಘಟಕ ಮಾಡಿತು. ಯಂತ್ರದ ವಿದ್ಯೆ ನಮ್ಮಲ್ಲೇ ಇತ್ತು, ಅದರ ಹೊಟ್ಟೆಗೆ ಹಾಕುವ ಕಾಳಿಗೆ ಸಮುದ್ರದಾಚೆ ಕೈಚಾಚಬೇಕಾಯಿತು. ನನಗೆ ಇಂದಿಗೂ ನೋವು ಕೊಡುವ ಸಂಗತಿ ಇದು. ರಸಾಯನಶಾಸ್ತ್ರವನ್ನು ನಾವು ಪರೀಕ್ಷೆಗೆ ಓದುತ್ತೇವೆ, ಟನ್ನುಗಟ್ಟಲೆ ತಯಾರಿಸುವ ಕಸುಬಾಗಿ ಅದನ್ನು ನೋಡುವುದು ಕಡಿಮೆ.

ಜಿಯೋಲೈಟ್ ನಮ್ಮ ನೆಲಕ್ಕೆ ಅಪರಿಚಿತವೂ ಅಲ್ಲ. ದಖ್ಖನ್ ಪ್ರಸ್ಥಭೂಮಿಯ ಲಾವಾ ತಣ್ಣಗಾದಾಗ ಉಳಿದ ಗುಳ್ಳೆಗಳಲ್ಲಿ, ಪುಣೆ, ನಾಸಿಕ್ ಕಡೆಯ ಕಪ್ಪುಕಲ್ಲಿನ ಕ್ವಾರಿಗಳಲ್ಲಿ ಸಿಗುವ ಇದರ ಹರಳುಗೊಂಚಲುಗಳು ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಬೀದರ್, ಕಲಬುರಗಿ, ವಿಜಯಪುರದ ಕಾಲಡಿಗೂ ಅದೇ ಲಾವಾ ಹಾಸು ಚಾಚಿಕೊಂಡಿದೆ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರೋನ್‌ಸ್ಟೆಡ್ ಇಂಥದೊಂದು ಕಲ್ಲನ್ನು ಉರಿಗೆ ಹಿಡಿದಾಗ ಅದು ನೊರೆಯೆದ್ದು ಆವಿ ಕಾರಿತು. ಗ್ರೀಕ್ ಪದಗಳನ್ನು ಕೂಡಿಸಿ ‘ಕುದಿಯುವ ಕಲ್ಲು’ ಎಂಬರ್ಥದ ಹೆಸರಿಟ್ಟ. ಅವನು ಕಂಡದ್ದು ಕೋಣೆಗಳಲ್ಲಿ ಅಡಗಿದ್ದ ನೀರು ಹೊರಬಂದದ್ದನ್ನು. ಆದರೆ ನೆಲದಲ್ಲಿ ಸಿಗುವ ಕಲ್ಲಿನಲ್ಲಿ ಕಲ್ಮಶ ಜಾಸ್ತಿ, ಕೋಣೆಗಳ ಅಳತೆಯೂ ಬೇಕಾದ ಹಾಗೆ ಇರುವುದಿಲ್ಲ. 1940ರ ದಶಕದ ಕೊನೆಗೆ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ರಾಬರ್ಟ್ ಮಿಲ್ಟನ್ ತಮಗೆ ಬೇಕಾದ ಜಿಯೋಲೈಟನ್ನು ತಾವೇ ಬೇಯಿಸಿ ತೆಗೆಯುವುದನ್ನು ಕಲಿತರು. ಅಲ್ಲಿಂದ ಇದು ಕೈಗಾರಿಕೆಗೆ ಇಳಿಯಿತು. ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಬೋರ್‌ವೆಲ್ ನೀರಿನ ಗಡಸು ತೆಗೆಯಲು ಇದೇ ಇದೆ. 1960ರ ದಶಕದಿಂದ ರಿಫೈನರಿಗಳಲ್ಲಿ ಕಚ್ಚಾತೈಲದ ದಪ್ಪ ಅಣುಗಳನ್ನು ತುಂಡರಿಸಿ ಪೆಟ್ರೋಲ್ ಮಾಡುವುದೂ ಜಿಯೋಲೈಟ್‌ ಇರುವ ವೇಗವರ್ಧಕವೇ. ನಮ್ಮ ಮಂಗಳೂರಿನ ರಿಫೈನರಿಯಲ್ಲೂ ಅಂಥ ಘಟಕವಿದೆ.

ಔಷಧದಲ್ಲಿ ಇದರ ಹತ್ತಿರದ ನೆಂಟನೊಬ್ಬನ ಕೆಲಸ ನನಗೆ ತುಂಬ ಹಿಡಿಸಿದೆ. ಕಿಡ್ನಿ ಸೋತವರಿಗೆ ಡಾಕ್ಟರು ಎಳನೀರು ಬೇಡ, ಬಾಳೆಹಣ್ಣು ಬೇಡ ಎನ್ನುತ್ತಾರಲ್ಲ, ಪೊಟ್ಯಾಸಿಯಂ ಭಯದಿಂದ. ಅದು ರಕ್ತದಲ್ಲಿ ಏರಿದರೆ ಹೃದಯದ ಲಯವೇ ತಪ್ಪುತ್ತದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವೊಂದಿದೆ: ಸೋಡಿಯಂ ಜಿರ್ಕೋನಿಯಂ ಸೈಕ್ಲೋಸಿಲಿಕೇಟ್. ನೀರಿಗೆ ಕದಡಿ ಕುಡಿಯುವ ಬಿಳಿ ಪುಡಿ. ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲಿ ಸಾಗುತ್ತ ಪೊಟ್ಯಾಸಿಯಂ ಹಿಡಿದುಕೊಂಡು ಮಲದಲ್ಲಿ ಹೊರಹೋಗುತ್ತದೆ. ಇದರ ರಂಧ್ರ ಸುಮಾರು 0.3 ನ್ಯಾನೊಮೀಟರ್, ಪೊಟ್ಯಾಸಿಯಂ ಅಯಾನಿಗೆ ಅಳತೆ ತೆಗೆದು ಹೊಲಿದಂತೆ. ಅದಕ್ಕಿಂತ ಚಿಕ್ಕದಾದ ಸೋಡಿಯಂ ಇನ್ನೂ ಸುಲಭವಾಗಿ ನುಗ್ಗಬೇಕಲ್ಲವೇ? ಇಲ್ಲ. ಅಯಾನುಗಳು ದೇಹದಲ್ಲಿ ಬರಿಮೈಯಲ್ಲಿ ಓಡಾಡುವುದಿಲ್ಲ, ನೀರಿನ ಅಣುಗಳನ್ನು ಹೊದ್ದಿರುತ್ತವೆ. ರಂಧ್ರದೊಳಗೆ ಹೋಗಲು ಆ ಹೊದಿಕೆ ಬಿಡಬೇಕು. ಪೊಟ್ಯಾಸಿಯಂಗೆ ಒಳಗಿನ ಆಮ್ಲಜನಕದ ಪರಮಾಣುಗಳು ಸುತ್ತಲಿಂದಲೂ ಒತ್ತಾಗಿ ಸಿಕ್ಕು ಹೊದಿಕೆಯ ಕೊರತೆ ತುಂಬುತ್ತವೆ. ಚಿಕ್ಕ ಸೋಡಿಯಂಗೆ ಆ ಗೋಡೆಗಳು ದೂರ. ನಮ್ಮ ನರಕೋಶಗಳ ಪೊಟ್ಯಾಸಿಯಂ ದ್ವಾರಗಳು ಆರಿಸುವುದೂ ಇದೇ ಉಪಾಯದಿಂದ.

ಕೋಣೆ ದೊಡ್ಡದಾಗಿ, ಬೇಕೆಂದ ಆಕಾರದಲ್ಲಿ ಬೇಕಿದ್ದರೆ? 1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಮೇಷ್ಟ್ರು ರಿಚರ್ಡ್ ರಾಬ್ಸನ್ ವಿದ್ಯಾರ್ಥಿಗಳಿಗೆ ತೋರಿಸಲು ಅಣುಗಳ ಮಾದರಿ ಮಾಡಿಸುತ್ತಿದ್ದರು: ಮರದ ಗುಂಡು, ಕಡ್ಡಿ. ಗುಂಡಿನಲ್ಲಿ ಎಲ್ಲೆಲ್ಲಿ ತೂತು ಕೊರೆಯಬೇಕೆಂದು ವರ್ಕ್‌ಶಾಪಿನವರಿಗೆ ಗುರುತು ಹಾಕಿ ಕೊಡಬೇಕಿತ್ತು. ತೂತಿನ ಜಾಗ ಸರಿಯಾಗಿದ್ದರೆ ಕಡ್ಡಿ ಸಿಕ್ಕಿಸುತ್ತ ಹೋದಂತೆ ಇಡೀ ರಚನೆ ತಾನಾಗಿ ಸರಿಯಾದ ಆಕಾರಕ್ಕೆ ಬರುತ್ತಿತ್ತು. ನಿಜವಾದ ಅಣುಗಳೂ ಹೀಗೇ ಕಟ್ಟಿಕೊಳ್ಳಬಹುದಲ್ಲವೇ ಎಂಬ ಯೋಚನೆಯನ್ನು ಅವರು ಹತ್ತು ವರ್ಷಕ್ಕೂ ಮೇಲೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದು, 1989ರಲ್ಲಿ ತಾಮ್ರದ ಅಯಾನು ಮತ್ತು ನಾಲ್ಕು ತೋಳಿನ ಅಣುವಿನಿಂದ ವಜ್ರದಂಥ ಹಂದರ ಕಟ್ಟಿ ತೋರಿಸಿದರು. ಒಳಗೆಲ್ಲ ಖಾಲಿ. ಬಲವೇನೂ ಇರಲಿಲ್ಲ, ಬೇಗ ಕುಸಿಯುತ್ತಿತ್ತು. 1997ರಲ್ಲಿ ಜಪಾನಿನ ಸುಸುಮು ಕಿಟಗಾವ ಅನಿಲ ಒಳಗೆ ಹೋಗಿ ಬಂದರೂ ಬೀಳದ ಹಂದರ ಮಾಡಿದರು. 1999ರಲ್ಲಿ ಒಮರ್ ಯಾಘಿ ಮಾಡಿದ ಎಂಒಎಫ್-5 ಎಂಬ ಹಂದರದ ಒಂದೇ ಗ್ರಾಮಿನ, ಎಂದರೆ ಕಾಲು ಚಮಚ ಸಕ್ಕರೆಯಷ್ಟು ತೂಕದ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 2,900 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 29 ಗುಂಟೆ ಜಮೀನು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ ಇಂಥ ತೆರೆದ ಹಂದರಗಳ ಮೇಲೆ ಗಣನೀಯ ಕೆಲಸ ಮಾಡಿದ್ದಾರೆ.

ರಾಬ್ಸನ್, ಕಿಟಗಾವ, ಯಾಘಿ ಮೂವರಿಗೂ 2025ರ ನೊಬೆಲ್ ಬಂತು. ಯಾಘಿ ಬೆಳೆದದ್ದು ಜೋರ್ಡಾನಿನ ಅಮ್ಮಾನ್‌ನಲ್ಲಿ, ಪ್ಯಾಲೆಸ್ಟೀನಿನಿಂದ ನಿರಾಶ್ರಿತರಾಗಿ ಬಂದ ಕುಟುಂಬದಲ್ಲಿ. ಒಂದೇ ಕೋಣೆ, ತುಂಬ ಮಕ್ಕಳು, ಕರೆಂಟಿಲ್ಲ, ನಲ್ಲಿಯಿಲ್ಲ. ಅವರ ತಂಡ ಮುಂದೆ ಅರಿಜೋನಾದ ಮರುಭೂಮಿಯಲ್ಲಿ ಇಂಥದೇ ಪುಡಿ ಇಟ್ಟು, ರಾತ್ರಿಯ ಒಣಗಾಳಿಯಿಂದ ತೇವ ಹಿಡಿಸಿ, ಹಗಲಿನ ಬಿಸಿಲಿಗೆ ಅದನ್ನು ಕುಡಿಯುವ ನೀರಾಗಿ ಇಳಿಸಿತು. ನಲ್ಲಿಯಿಲ್ಲದ ಮನೆಯ ಹುಡುಗ ಗಾಳಿಯಿಂದಲೇ ನೀರು ಹಿಡಿದದ್ದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಚಿಕ್ಕಪ್ಪ ಉಳಿದುಕೊಂಡರು. ಯಂತ್ರ ಈಗ ಅವರ ನಡುಮನೆಯ ಮೂಲೆಯಲ್ಲಿದೆ. ಜಿಯೋಲೈಟಿಗೆ ಸಾರಜನಕಕ್ಕಿಂತ ನೀರಿನ ಮೇಲೆ ಆಸೆ ಹೆಚ್ಚು. ಬಳಸದೆ ಬಿಟ್ಟರೆ ಮಳೆಗಾಲದ ತೇವವನ್ನೆಲ್ಲ ಕುಡಿದು ಕೋಣೆಗಳು ಭರ್ತಿಯಾಗುತ್ತವೆ. ಆಮೇಲೆ ಬರೀ ಒತ್ತಡ ಇಳಿಸಿದರೆ ಆ ನೀರು ಬಿಡುವುದಿಲ್ಲ, ಕ್ರೋನ್‌ಸ್ಟೆಡ್ ಮಾಡಿದ ಹಾಗೆ ಚೆನ್ನಾಗಿ ಕಾಯಿಸಲೇಬೇಕು. 2021ರಲ್ಲಿ ದಾನವಾಗಿ ಬಂದು ಉಗ್ರಾಣ ಸೇರಿದ ಯಂತ್ರಗಳನ್ನು ನೆನೆದರೆ ನನಗೆ ಇದೇ ಚಿಂತೆ. ಚಿಕ್ಕಮ್ಮನಿಗೆ ಇದನ್ನು ಹೇಳಿದ ಮೇಲೆ ಅವರು ತಪ್ಪಿಸಿಲ್ಲ. ತಿಂಗಳಿಗೊಮ್ಮೆ ಸೋಮವಾರ ಬೆಳಿಗ್ಗೆ ಧೂಳು ಒರೆಸಿ, ಸ್ವಿಚ್ ಹಾಕಿ, ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಅರ್ಧ ಗಂಟೆ ಕೂರುತ್ತಾರೆ. ಹೋದ ತಿಂಗಳು ಯಂತ್ರದ ಮೀಟರಿನಲ್ಲಿ ಆಮ್ಲಜನಕ ಶೇಕಡ 92 ತೋರಿಸಿತಂತೆ. ಫೋನ್ ಮಾಡಿ ಹೇಳಿದರು.